ಪ್ಲ್ಯಾನ್ ವಾಪಸ್ ರೈಲಿನಿಂದಲೇ ಶುರುವಾಗಲಿ

ದಾವಣಗೆರೆಯಲ್ಲಿ ಗೆಳೆಯರ ಜೊತೆ ಸುತ್ತಾಟಕ್ಕೆ ಪ್ಲ್ಯಾನ್ ಅನ್ನುವುದೇ ಇರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನುತ್ತಾ ಒಬ್ಬ 'ನಡೀರಲೇ, ಸೂಳೆಕೆರೆಗೆ ಹೋಗಿ ಬರೋಣ' ಅಂದರೆ ಮುಗೀತು. ಮೂರು ಬೈಕು, ಆರು ಜನ. ದಾರಿಯಲ್ಲಿ ಸಂತೆಬೆನ್ನೂರಿನ ಪುಷ್ಕರಣಿ, ಕತ್ತಲಾಗುವಷ್ಟರಲ್ಲಿ ಮನೆ. ದುರ್ಗಕ್ಕೆ ಹೋದರೂ ಅಷ್ಟೇ, ಒಂದು ಬಸ್ಸು ತಪ್ಪಿದರೆ ಇನ್ನೊಂದು. ಜರ್ಮನಿಯಲ್ಲಿ ಎಂ.ಎಸ್. ಓದುವಾಗ ಅದೇ ಧೈರ್ಯದ ಮೇಲೆ ಮೊದಲ ವೀಕೆಂಡ್ ಹೊರಟೆವು. ಭಾನುವಾರ ರಾತ್ರಿ ಕೊನೆಯ ರೈಲು ತಪ್ಪಿತು. ಸಣ್ಣದೊಂದು ಸ್ಟೇಷನ್ನಿನ ಕಬ್ಬಿಣದ ಬೆಂಚಿನ ಮೇಲೆ ನಾಲ್ಕು ಜನ ಒತ್ತಿಕೊಂಡು ಕೂತು ಬೆಳಗು ಮಾಡಿದೆವು. ಒಂದು ಲೋಟ ಚಹಾಕ್ಕೂ ಗತಿಯಿರಲಿಲ್ಲ.

ಈಗ ನಮ್ಮ ಚಿಕ್ಕಮ್ಮನ ಮಗ ಅಕ್ಟೋಬರ್ ಸೆಮಿಸ್ಟರಿಗೆ ಹೊರಟಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಮೊದಲು ವಾಪಸ್ ರೈಲು

ಯಾವ ಊರು ಅನ್ನುವುದು ಆಮೇಲೆ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ ತೆರೆದು, ಭಾನುವಾರ ಸಂಜೆ ಆ ಊರಿನಿಂದ ನಿಮ್ಮ ಊರಿಗೆ ಕೊನೆಯ ರೈಲು ಎಷ್ಟು ಗಂಟೆಗೆ ಅಂತ ನೋಡಿ. ಅದನ್ನು ಮರೆತುಬಿಡಿ. ಅದಕ್ಕಿಂತ ಎರಡು ರೈಲು ಹಿಂದಿನದ್ದು ನಿಮ್ಮದು. ನಡುವೆ ಗಾಡಿ ಬದಲಿಸಬೇಕಿದ್ದರೆ ಇಪ್ಪತ್ತು ನಿಮಿಷವಾದರೂ ಕೈಯಲ್ಲಿರಲಿ. ಜರ್ಮನ್ ರೈಲು ಗಡಿಯಾರದ ಮುಳ್ಳಿನ ಹಾಗೆ ಓಡುತ್ತವೆ ಅನ್ನುವುದು ಇಲ್ಲಿ ಕೂತವರು ಹೇಳುವ ಮಾತು. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಆಚೀಚೆ ಮಾಡುತ್ತಾರೆ. ಮೊಬೈಲು ತಾನಾಗಿ ಸರಿಹೋಗುತ್ತದೆ, ಅಪ್ಪ ಕೊಡಿಸಿದ ಕೈಗಡಿಯಾರ ಸರಿಹೋಗಲ್ಲ.

ಟಿಕೆಟ್

ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದಾದ್ಯಂತ ಲೋಕಲ್ ಮತ್ತು ರೀಜನಲ್ ರೈಲು, ಸಿಟಿ ಬಸ್ಸು, ಟ್ರಾಮ್ ಎಲ್ಲಕ್ಕೂ ನಡೆಯುತ್ತದೆ. ವೇಗದ ಐಸಿಇ, ಐಸಿ ರೈಲುಗಳಿಗೆ ನಡೆಯಲ್ಲ, ಗೊತ್ತಿಲ್ಲದೆ ಹತ್ತಿದರೆ ದಂಡ. ಹಲವು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದೊಳಗೇ ಇಂಥ ಪಾಸ್ ಸೇರಿರುತ್ತದೆ, ಆದ್ದರಿಂದ ದುಡ್ಡು ಕೊಡುವ ಮೊದಲು ವಿಚಾರಿಸಿ. ನೀವೇ ಕೊಂಡರೆ ಅದು ಚಂದಾ ಲೆಕ್ಕ. ಬೇಡವೆನಿಸಿದರೆ 10ನೇ ತಾರೀಕಿನೊಳಗೆ ರದ್ದು ಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ.

ಪಾಸ್ ಇಲ್ಲದವರಿಗೆ ಗುಂಪಿನ ಟಿಕೆಟ್ ಇದೆ. ಬವೇರಿಯಾ ರಾಜ್ಯದಲ್ಲಿದ್ದರೆ ಬಯರ್ನ್ ಟಿಕೆಟ್, ಒಂದರಲ್ಲಿ ಐದು ಜನರ ತನಕ ಹೋಗಬಹುದು. ವಾರದ ದಿನ ಬೆಳಿಗ್ಗೆ 9ರ ನಂತರವೇ ನಡೆಯುವುದು, ಶನಿವಾರ ಭಾನುವಾರ ಆ ಕಟ್ಟಿಲ್ಲ. ಮ್ಯೂನಿಕ್ಕಿನಿಂದ ಎರಡು ಗಂಟೆಯ ಆಸುಪಾಸು ಕೂತರೆ ಗಡಿಯಾಚೆಯ ಸಾಲ್ಜ್‌ಬರ್ಗ್. ಅದು ಆಸ್ಟ್ರಿಯಾ ಆದರೂ ಅಲ್ಲಿನ ಮುಖ್ಯ ಸ್ಟೇಷನ್ ತನಕ ಈ ಎರಡೂ ಟಿಕೆಟ್ ನಡೆಯುತ್ತವೆ. ಮೊದಲ ಪ್ರವಾಸಕ್ಕೆ ನನ್ನ ಓಟು ಇದಕ್ಕೇ. 1756ರಲ್ಲಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ ಮನೆ, ಹಳೇ ಬೀದಿಗಳು, 1077ರಲ್ಲಿ ಕಟ್ಟಲು ಶುರುಮಾಡಿದ ಗುಡ್ಡದ ಮೇಲಿನ ಕೋಟೆ. ಮೇಲಕ್ಕೆ ಹೋಗಲು ಹಗ್ಗದ ರೈಲಿದೆ, ದುಡ್ಡು ಉಳಿಸಿ. ಏಳು ಸುತ್ತಿನ ಕೋಟೆ ಹತ್ತಿ ಬೆಳೆದವರಿಗೆ ಆ ಗುಡ್ಡ ಯಾವ ಲೆಕ್ಕ?

ಕಾಗದ ಪತ್ರ

ಇಲ್ಲೇ ಎಲ್ಲರೂ ಎಡವುವುದು. ವಿದ್ಯಾರ್ಥಿ ವೀಸಾ ಅಥವಾ ರೆಸಿಡೆನ್ಸ್ ಕಾರ್ಡ್, ಜೊತೆಗೆ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ಅನ್ನುವ, ಒಂದೇ ವೀಸಾದಲ್ಲಿ ಸುತ್ತಬಹುದಾದ 29 ಯುರೋಪಿಯನ್ ದೇಶಗಳ ಕೂಟದಲ್ಲಿ ತಿರುಗಾಡಬಹುದು, ಜರ್ಮನಿ ಬಿಟ್ಟು ಉಳಿದ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ. ಲಂಡನ್ ಈ ಲೆಕ್ಕದಲ್ಲಿ ಬರಲ್ಲ, ಅದಕ್ಕೆ ಬೇರೆಯೇ ವೀಸಾ. ವೀಸಾ ಮುಗಿದು ಕಾರ್ಡ್ ಇನ್ನೂ ಕೈಗೆ ಬಂದಿಲ್ಲ ಅಂದರೆ ಗಡಿ ದಾಟುವ ಮಾತೇ ಬೇಡ, ಜರ್ಮನಿಯೊಳಗೇ ಬೇಕಾದಷ್ಟು ಊರಿದೆ.

ಗಡಿಯಲ್ಲಿ ಯಾರೂ ಕೇಳಲ್ಲ ಅಂತ ಸೀನಿಯರ್‌ಗಳು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಸಾಲ್ಜ್‌ಬರ್ಗಿನಿಂದ ಬರುವಾಗ ಗಡಿ ದಾಟಿದ ಮೊದಲ ಸ್ಟೇಷನ್ನಿನಲ್ಲಿ ಪೊಲೀಸರು ಡಬ್ಬಿಗೆ ಹತ್ತಿದರು. ನಮ್ಮ ಗುಂಪಿನ ಹುಬ್ಬಳ್ಳಿ ಹುಡುಗ ಮೊಬೈಲಿನಲ್ಲಿ ಪಾಸ್‌ಪೋರ್ಟಿನ ಫೋಟೋ ತೋರಿಸಿ ನಕ್ಕ. ಅವರು ನಗಲಿಲ್ಲ. ಇಳಿಸಿಕೊಂಡು ವಿವರವೆಲ್ಲ ತಾಳೆ ನೋಡುವಷ್ಟರಲ್ಲಿ ಒಂದೂವರೆ ಗಂಟೆ. ಅವನೊಬ್ಬನನ್ನು ಬಿಟ್ಟು ಹೋಗುವುದಾದರೂ ಹೇಗೆ, ಎಲ್ಲರೂ ಇಳಿದೆವು. ಮನೆ ಮುಟ್ಟಿದ್ದು ಎರಡು ರೈಲು ಮುಂಚೆ ಹೊರಟಿದ್ದ ಪುಣ್ಯಕ್ಕೆ.

ಊಟ

ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ. ದೊಡ್ಡ ಸ್ಟೇಷನ್ನಿನೊಳಗೆ ಒಂದೆರಡು ತೆರೆದಿದ್ದರೂ ಬೆಲೆ ಜಾಸ್ತಿ. ಹಾಗಾಗಿ ಶನಿವಾರ ಸಂಜೆಯೇ ಬ್ರೆಡ್ಡು, ಮೊಸರು, ಹಣ್ಣು ತಂದಿಡಿ. ಊರಿನಿಂದ ಒಯ್ಯುವುದಾದರೆ ಮಂಡಕ್ಕಿ ಮತ್ತು ಚಟ್ನಿಪುಡಿಗೆ ಸಾಟಿಯಿಲ್ಲ. ಬೆಣ್ಣೆ, ತುಪ್ಪ, ಪೇಡ ಒಯ್ಯಬೇಡಿ. ಭಾರತದಿಂದ ಹಾಲಿನ ಪದಾರ್ಥವನ್ನು ಐರೋಪ್ಯ ಒಕ್ಕೂಟದೊಳಗೆ ಬಿಡಲ್ಲ.

ಇನ್ನೊಂದು ಮಾತು. ಪ್ರವಾಸದಲ್ಲಿ ತಂಗುವ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಲು ಹೋಗಬೇಡಿ. ನಾವು ಒಮ್ಮೆ ಹಾಕಿದಾಗ ಎಣ್ಣೆ ಕಾದು ಸಾಸಿವೆ ಸಿಡಿದು, ನಾಲ್ಕು ಒಣಮೆಣಸಿನಕಾಯಿ ಬಿದ್ದವೋ ಇಲ್ಲವೋ, ತಲೆಯ ಮೇಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಮೂರು ಮಹಡಿಯ ಜನ ಚಡ್ಡಿ ಬನಿಯನ್ನಿನಲ್ಲಿ ಕೆಮ್ಮುತ್ತಾ ರಸ್ತೆಗಿಳಿದರು. ಮಂಡಕ್ಕಿಗೆ ಹೊರಡುವ ಮೊದಲು ನಿಮ್ಮ ರೂಮಿನಲ್ಲೇ ಒಗ್ಗರಣೆ ಕಲಸಿ, ಗಾಳಿಯಾಡದ ಡಬ್ಬಿಗೆ ತುಂಬಿ ಹೊರಡಿ. ಈರುಳ್ಳಿ, ಟೊಮೆಟೊ ತಿನ್ನುವಾಗ ಹೆಚ್ಚಿಕೊಂಡರಾಯಿತು.

ಲೆಕ್ಕ

ಗುಂಪು ನಾಲ್ಕೈದು ಜನಕ್ಕೆ ನಿಲ್ಲಲಿ, ಟಿಕೆಟಿಗೂ ಹಾಸ್ಟೆಲ್ ರೂಮಿಗೂ ಅದೇ ಸರಿಹೊಂದುತ್ತದೆ. ವೀಸಾಕ್ಕೆಂದು ಮುಂಚೆಯೇ ದುಡ್ಡು ಇಟ್ಟು ತಿಂಗಳಿಗಿಷ್ಟು ಅಂತ ತೆಗೆಯುವ ಬ್ಲಾಕ್ಡ್ ಅಕೌಂಟಿನಲ್ಲಿ 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ ಲೆಕ್ಕ. ಬಾಡಿಗೆ, ಇನ್ಶೂರೆನ್ಸ್ ಹೋದ ಮೇಲೆ ಕೈಯಲ್ಲಿ ಉಳಿಯುವುದು ಎಲ್ಲರಿಗೂ ಒಂದೇ ಅಲ್ಲ. ಯಾರು ಎಷ್ಟು ಖರ್ಚು ಮಾಡಬಲ್ಲರು ಅಂತ ಹೊರಡುವ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಿ. ತಲೆಗಿಷ್ಟು ಅಂತ ಒಬ್ಬನ ಕೈಗೆ ಕೊಟ್ಟುಬಿಡಿ, ಖರ್ಚನ್ನು ಸ್ಪ್ಲಿಟ್‌ವೈಸ್ ಆ್ಯಪಿನಲ್ಲಿ ಆಗಿಂದಾಗಲೇ ಬರೆಯಿರಿ. ಜರ್ಮನಿಯಲ್ಲಿ ಕೊಂಡ ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್.

ಬಾಕಿಯನ್ನು ಬರುವಾಗ ರೈಲಿನಲ್ಲೇ ಚುಕ್ತಾ ಮಾಡಿಸಿ, ಸೋಮವಾರಕ್ಕೆ ಬಿಡಬೇಡಿ. ನನಗೆ ಒಬ್ಬನಿಂದ ಈಗಲೂ 11 ಯೂರೋ ಬರಬೇಕು. ಅವನೀಗ ಹರಿಹರದಲ್ಲೇ ಇದ್ದಾನೆ, ಈ ಪುರವಣಿಯನ್ನು ತಪ್ಪದೆ ಓದುತ್ತಾನೆ.