ಉಗುರು ಊರಿದರಷ್ಟೇ ನಾಯಿಯ ಬಾಯಿಗೆ

ನಾಯಿಗೆ ಅಗಿಯಲು ಹೊಸದೇನಾದರೂ ತಂದರೆ ನಾನು ಮೊದಲು ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತಿ ನೋಡುತ್ತೇನೆ. ಸ್ವಲ್ಪವಾದರೂ ಗುರುತು ಬಿದ್ದರೆ ಮುಂದಿನ ಮಾತು. ಉಗುರು ಊರಲೇ ಇಲ್ಲವೆಂದರೆ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಅದನ್ನು ಕೊಡುವುದಿಲ್ಲ. ಇದನ್ನು ಹೇಳಿಕೊಟ್ಟವರು ನಮ್ಮ ನಾಯಿಗಳನ್ನು ನೋಡುವ ಪಶುವೈದ್ಯರು. ನಿಮ್ಮ ಮೊಣಕಾಲ ಚಿಪ್ಪಿಗೆ ತಗುಲಿದರೆ ನೋವಾಗುವಷ್ಟು ಗಟ್ಟಿಯಿರುವುದು ನಾಯಿಯ ಹಲ್ಲಿಗೂ ಬೇಡ ಎಂದೂ ಅವರು ಹೇಳುತ್ತಿರುತ್ತಾರೆ.

ನಾಯಿಯ ದವಡೆಗೆ ಬಲ ಹೆಚ್ಚು, ನಿಜ. ಆದರೆ ಅದರ ಹಲ್ಲಿನ ಎನಾಮೆಲ್ ನಮ್ಮದಕ್ಕಿಂತ ತೆಳು. ಬೆಳೆದ ನಾಯಿಯ 42 ಹಲ್ಲುಗಳಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮೇಲ್ಸಾಲಿನ ನಾಲ್ಕನೇ ಮುಂದವಡೆ ಹಲ್ಲು. ನಾಯಿ ಗಟ್ಟಿ ವಸ್ತುವನ್ನು ಬಾಯಿಯ ಪಕ್ಕಕ್ಕೆ ತಳ್ಳಿಕೊಂಡು ಕಡಿಯುವುದು ಅದರಿಂದಲೇ. ಅತಿ ಗಟ್ಟಿಯಾದದ್ದು ಸಿಕ್ಕಿದರೆ ಆ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದುಬರುತ್ತದೆ, ಒಳಗಿನ ನರ ತೆರೆದುಕೊಳ್ಳುತ್ತದೆ, ಕೀವು ತುಂಬಿದರೆ ಕಣ್ಣಿನ ಕೆಳಗೆ ಊತ ಬರುತ್ತದೆ. ಆಮೇಲೆ ಉಳಿಯುವ ದಾರಿ ರೂಟ್ ಕೆನಾಲ್ ಅಥವಾ ಹಲ್ಲು ಕೀಳಿಸುವುದು. ಎರಡಕ್ಕೂ ಅರಿವಳಿಕೆ ಬೇಕು. ಇಷ್ಟಾದರೂ ನಾಯಿ ಎಂದಿನಂತೆ ಊಟ ಮಾಡುತ್ತಲೇ ಇರಬಹುದು, ನೋವು ತೋರಿಸಿಕೊಳ್ಳುವುದೇ ಇಲ್ಲ. ನನಗೆ ಅತಿ ಸಂಕಟವಾಗುವುದು ಈ ವಿಷಯಕ್ಕೆ. ಹಾಗಾಗಿ ಜಿಂಕೆ ಕೊಂಬು, ದನದ ಗೊರಸು, ತೊಡೆ ಮೂಳೆ ನಮ್ಮಲ್ಲಿಗೆ ಬರುವುದಿಲ್ಲ. ಯಾಕ್ ಹಾಲಿನ ಒಣ ಚೀಸಿನ ಕಡ್ಡಿಯೂ ಉಗುರಿಗೆ ಜಗ್ಗುವುದಿಲ್ಲ. ನೀರಿನಲ್ಲಿ ನೆನೆಸಿ ಮೈಕ್ರೋವೇವ್‌ನಲ್ಲಿ ಉಬ್ಬಿಸಿ, ಪೂರ್ತಿ ಆರಿದ ಮೇಲೆ ಚೂರು ಚೂರಾಗಿ ಮುರಿದು ಕೊಡುವುದಾದರೆ ಮಾತ್ರ ಅದು ನನಗೆ ಒಪ್ಪಿಗೆ.

ಬೇಯಿಸಿದ, ಸುಟ್ಟ, ಹೊಗೆಯಲ್ಲಿ ಒಣಗಿಸಿದ ಮೂಳೆಯ ತೊಂದರೆ ಬೇರೆ. ಬಿಸಿಗೆ ಮೂಳೆ ಪೆಡಸಾಗಿ ಚೂಪು ಸಿಬಿರುಗಳಾಗಿ ಸೀಳುತ್ತದೆ. ಅಂಗಡಿಯಲ್ಲಿ ಮಾರುವ ಸಂಸ್ಕರಿಸಿದ ಮೂಳೆ ತಿನಿಸುಗಳಿಂದ ಸುಮಾರು 90 ನಾಯಿಗಳು ಅಸ್ವಸ್ಥವಾಗಿದ್ದವು, ಅವುಗಳಲ್ಲಿ 15 ಸತ್ತವು ಎಂಬ ದೂರುಗಳು ಬಂದಿರುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ತಿಳಿಸಿತ್ತು. ಗಂಟಲಲ್ಲಿ ಸಿಕ್ಕಿಕೊಂಡದ್ದು, ಕರುಳು ಕಟ್ಟಿದ್ದು, ಬಾಯಿ ಸೀಳಿದ್ದು, ಗುದದಿಂದ ರಕ್ತ ಹೋದದ್ದು ಎಲ್ಲವೂ ಆ ಪಟ್ಟಿಯಲ್ಲಿವೆ.

ಮೃದುವಾಗಿದೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಡುವ ಹಾಗೂ ಇಲ್ಲ. ನುಂಗಿದ ತುಂಡು ಹೊಟ್ಟೆಯಲ್ಲಿ ಕರಗಬೇಕು. ರಾಹೈಡ್ ಎಂದು ಮಾರುವ ತೊಗಲನ್ನು ನಾನು ಬಿಟ್ಟದ್ದು ಇದೇ ಕಾರಣಕ್ಕೆ. ಸುಣ್ಣ ಮತ್ತಿತರ ರಾಸಾಯನಿಕಗಳಿಂದ ಕೂದಲು ತೆಗೆದು, ಎಷ್ಟೋ ಸಲ ಬಿಳುಪಾಗಿಸಿ, ಗಂಟು ಕಟ್ಟಿ ಒಣಗಿಸಿದ ಚರ್ಮ ಅದು. ನೆನೆದರೆ ಉಬ್ಬಿ ಜಾರುತ್ತದೆ, ನಾಯಿ ದೊಡ್ಡ ತುಂಡನ್ನೇ ನುಂಗಿಬಿಡುತ್ತದೆ, ಕರಗುವುದು ಬಹಳ ನಿಧಾನ. ಹೊಸ ತಿನಿಸಿನ ಒಂದು ಚೂರನ್ನು ರಾತ್ರಿಯಿಡೀ ನೀರಿನಲ್ಲಿ ಹಾಕಿಡುವುದು ನನ್ನ ರೂಢಿ. ಎಷ್ಟು ಉಬ್ಬುತ್ತದೆ, ಎಷ್ಟು ಜಾರುತ್ತದೆ ಎಂಬುದು ಗೊತ್ತಾಗುತ್ತದೆ. ಜೀರ್ಣವಾಗುತ್ತದೋ ಇಲ್ಲವೋ ಎಂಬುದನ್ನು ನೀರು ಹೇಳಲಾರದು, ಅದಕ್ಕೆ ಮಾರನೆಯ ದಿನದ ಮಲವನ್ನೇ ನೋಡಬೇಕು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ನಮ್ಮಲ್ಲಿ ಉಳಿದಿರುವವು ಬುಲ್ಲಿ ಸ್ಟಿಕ್ ಅಂದರೆ ಹೋರಿಯ ಒಣ ಶಿಶ್ನ, ದನದ ಕಿವಿ, ಶ್ವಾಸನಾಳ, ಒಣ ಮೀನಿನ ಚರ್ಮದ ಸುರುಳಿ. ಇವೂ ನಿರ್ಮಲ ಎನ್ನುವ ಹಾಗಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 26 ಬುಲ್ಲಿ ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಏಳರಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು. ಒಂದು ಇಂಚಿಗೆ 9ರಿಂದ 22 ಕ್ಯಾಲೊರಿ ಇತ್ತು. ತಿಂಡಿಯ ಪಾಲು ದಿನದ ಆಹಾರದ ಶೇಕಡಾ 10 ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಐದು ಕೆಜಿಯ ನಾಯಿಗೆ ದಿನಕ್ಕೆ ಬೇಕಾಗುವುದೇ ಸುಮಾರು 300ರಿಂದ 400 ಕ್ಯಾಲೊರಿ. ಆರು ಇಂಚಿನ ಒಂದು ಕಡ್ಡಿ ಆ ಪಾಲನ್ನು ಸುಲಭವಾಗಿ ದಾಟಿಬಿಡುತ್ತದೆ. ಕಡ್ಡಿ ಕೊಟ್ಟ ದಿನ ಬಟ್ಟಲಿನ ಊಟ ಕಡಿಮೆ ಮಾಡುತ್ತೇನೆ.

ಹಂದಿ ಕಿವಿಯನ್ನು ಮಾತ್ರ ದೂರ ಇಟ್ಟಿದ್ದೇನೆ. ಕೊಬ್ಬು ಜಾಸ್ತಿ, ಮೇದೋಜೀರಕ ಗ್ರಂಥಿಯ ಉರಿಯೂತ ಬರುವ ನಾಯಿಗೆ ಅದು ಅಪಾಯ. 2019ರಲ್ಲಿ ಅಮೆರಿಕದಲ್ಲಿ ಹಂದಿ ಕಿವಿಗೆ ಸಂಬಂಧಿಸಿದ ಸಾಲ್ಮೊನೆಲ್ಲಾ ಸೋಂಕು 150ಕ್ಕೂ ಹೆಚ್ಚು ಜನರಿಗೆ ಹರಡಿತ್ತು, ನಾಯಿಗಳಿಗಲ್ಲ, ಜನರಿಗೆ. ಯಾವ ತಿನಿಸು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯುತ್ತೇನೆ. ಅಡುಗೆ ಕಟ್ಟೆಯ ಮೇಲೆ ಇಡುವುದಿಲ್ಲ, ಚಿಕ್ಕ ಮಕ್ಕಳ ಕೈಗೆ ಕೊಡುವುದಿಲ್ಲ. ಶ್ವಾಸನಾಳ, ಅನ್ನನಾಳದ ತುಂಡುಗಳಲ್ಲಿ ಕೆಲವೊಮ್ಮೆ ಥೈರಾಯ್ಡ್ ಗ್ರಂಥಿ ಅಂಟಿಕೊಂಡು ಬಂದಿರುತ್ತದೆ. ಅದನ್ನು ಮೇಲಿಂದ ಮೇಲೆ ತಿಂದ ನಾಯಿಗೆ ಬಾಯಾರಿಕೆ ಹೆಚ್ಚುತ್ತದೆ, ತೂಕ ಇಳಿಯುತ್ತದೆ, ಚಡಪಡಿಸುತ್ತದೆ. ಅದಕ್ಕೇ ಶ್ವಾಸನಾಳವನ್ನು ದಿನವೂ ಕೊಡದೆ ಅಪರೂಪಕ್ಕೆ ಕೊಡುತ್ತೇನೆ. ನಾಯಿಗೆ ಅಲರ್ಜಿ ಇದ್ದರೆ ಮೊದಲು ಅನುಮಾನಿಸಬೇಕಾದವುಗಳಲ್ಲಿ ದನದ ಮಾಂಸವೂ ಒಂದು. ಅಂಥ ನಾಯಿಗೆ ಮೀನಿನ ಚರ್ಮ ವಾಸಿ.

ಕೊನೆಗೆ ತೀರ್ಮಾನ ಆಗುವುದು ನಾಯಿ ಹೇಗೆ ಅಗಿಯುತ್ತದೆ ಎಂಬುದರ ಮೇಲೆ. ನಮ್ಮ ಗೌರಿ ವಯಸ್ಸಾದವಳು. ಮುಂಗಾಲ ನಡುವೆ ಕಡ್ಡಿ ಹಿಡಿದುಕೊಂಡು ನಿಧಾನವಾಗಿ ಸವೆಸುತ್ತಾಳೆ. ಹಲ್ಲು ಸವೆದಿರುವುದರಿಂದ ಅವಳಿಗೆ ಕಿವಿ, ಮೀನಿನ ಚರ್ಮದಂಥ ತೆಳುವಾದವು ಹೊಂದುತ್ತವೆ. ನಮ್ಮ ಇನ್ನೊಂದು ನಾಯಿ ಕರಿಯ ಹಾಗಲ್ಲ, ಸಿಕ್ಕಿದ್ದನ್ನು ಗಬಕ್ಕನೆ ನುಂಗುವವನು. ಅವನಿಗೆ ಬಾಯಿಗಿಂತ ಬಹಳ ಉದ್ದದ, ದಪ್ಪನೆಯ ಕಡ್ಡಿ, ಅದೂ ಒಂದು ತುದಿಯನ್ನು ನಾನೇ ಹಿಡಿದುಕೊಂಡು. ಇಬ್ಬರಿಗೂ ಬೇರೆ ಬೇರೆ ಕೋಣೆ, ಏಕೆಂದರೆ ಪಕ್ಕದಲ್ಲಿ ಇನ್ನೊಂದು ನಾಯಿ ಇದೆ ಎಂದರೆ ಕರಿಯ ಅಗಿಯುವುದನ್ನೇ ಬಿಟ್ಟು ನುಂಗುತ್ತಾನೆ. ಪಕ್ಕದಲ್ಲಿ ಕೂರಲು ನನಗೆ ಬಿಡುವಿಲ್ಲದ ದಿನ ಇಬ್ಬರಿಗೂ ಕಡ್ಡಿ ಇಲ್ಲ.

ಕಡ್ಡಿ ಹೆಬ್ಬೆರಳಿನಷ್ಟು ಉಳಿದಾಗ ತೆಗೆದುಬಿಡುತ್ತೇನೆ. ಉಸಿರು ಕಟ್ಟಿಸುವುದು ಸಾಮಾನ್ಯವಾಗಿ ಆ ಕೊನೆಯ ತುಂಡೇ. ಬಾಯಿಂದ ಎಳೆದುಕೊಳ್ಳುವುದಿಲ್ಲ, ಎಳೆದರೆ ನಾಯಿ ಅವಸರದಲ್ಲಿ ನುಂಗುತ್ತದೆ. ಬೇಯಿಸಿದ ಕೋಳಿಯ ಚೂರು ತೋರಿಸಿದರೆ ತಾನೇ ಬಿಡುತ್ತದೆ. ಕೊಟ್ಟ ಮೇಲೆ ಒಂದೆರಡು ದಿನದೊಳಗೆ ವಾಂತಿ, ಊಟ ಬೇಡವೆನ್ನುವುದು, ಹೊಟ್ಟೆ ಮುಟ್ಟಿದರೆ ಮುದುಡಿಕೊಳ್ಳುವುದು, ತಿಣುಕಿದರೂ ಮಲ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಹುಡುಕುತ್ತ ಕೂರುವುದಿಲ್ಲ, ಆಗಲೇ ಪಶುವೈದ್ಯರ ಬಳಿ ಕರೆದೊಯ್ಯುತ್ತೇನೆ. ಹೋಗುವಾಗ ಉಳಿದ ತುಂಡು, ಪ್ಯಾಕೆಟ್ಟು ಎರಡೂ ಕೈಯಲ್ಲಿರುತ್ತವೆ. ನುಂಗಿದ್ದು ಯಾವ ವಸ್ತು, ಎಷ್ಟು ದೊಡ್ಡದು ಎಂಬುದು ಅವರಿಗೆ ತಕ್ಷಣ ಗೊತ್ತಾಗಬೇಕು.