ಒಂದು ಸಲಕ್ಕೆ ಒಂದೇ ತಪ್ಪು: ಸ್ವಭಾವ ತಿದ್ದಿಕೊಳ್ಳಲು ಒಂದು ಹಳೆಯ ಪ್ರಾರ್ಥನಾ ಕ್ರಮ

"ದೇವರೇ, ನನ್ನನ್ನು ಒಳ್ಳೆಯವನನ್ನಾಗಿ ಮಾಡು" ಅಂತ ಬೇಡುವುದನ್ನು ಸ್ವಲ್ಪ ದಿನ ಬದಿಗಿಡಿ. ಆ ಪ್ರಾರ್ಥನೆ ತಪ್ಪು ಅಂತಲ್ಲ. ತೀರಾ ದೊಡ್ಡದು, ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಅದರ ಬದಲು ಒಂದೇ ಒಂದು ತಪ್ಪನ್ನು ಹೆಸರು ಹಿಡಿದು ಕರೆಯಿರಿ. "ನನಗೆ ಕೋಪ ಜಾಸ್ತಿ" ಅಂದರೆ ಸಾಲದು. ಯಾರ ಮೇಲೆ? ಯಾವ ಹೊತ್ತಿನಲ್ಲಿ? ನಾನು ಆರಿಸಿಕೊಂಡದ್ದು ಇದು: ಇನ್ನೊಬ್ಬರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವುದು, ಅದರಲ್ಲೂ ಹೆಂಡತಿ ಮಾತಾಡುವಾಗ.

ಇಷ್ಟು ಚಿಕ್ಕದಾ ಅನ್ನಿಸಬಹುದು. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ಓದಿ, ನಾಲಿಗೆ ಚಿಕ್ಕ ವಿಷಯ ಅಂತ ಆಮೇಲೆ ಹೇಳಲಾರಿರಿ.

ಈ ಕ್ರಮ ನನ್ನದಲ್ಲ. ಯೇಸುಸಭೆ (ಜೆಸ್ಯೂಟ್ ಗುರುಗಳ ಸಂಘ) ಕಟ್ಟಿದ ಲೊಯೋಲಾದ ಸಂತ ಇಗ್ನೇಷಿಯಸ್ ಅವರದು. 1548ರಲ್ಲಿ ಅಚ್ಚಾದ ಅವರ ಧ್ಯಾನದ ಕೈಪಿಡಿಯಲ್ಲಿದೆ. ಕೆಥೊಲಿಕರದು ಅಂತ ಪ್ರೊಟೆಸ್ಟಂಟರು ದೂರ ಇಡಬೇಕಾಗಿಲ್ಲ. ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು, ದೇವರ ಮುಂದೆ ಸುಳ್ಳು ಹೇಳದ ಕೆಲವು ನಿಮಿಷ.

ಹಾಳೆಯಲ್ಲಿ ದಿನಕ್ಕೆ ಎರಡರಂತೆ ವಾರಕ್ಕೆ 14 ಗೆರೆ ಎಳೆಯಿರಿ. ಬೆಳಗ್ಗೆ ಎದ್ದ ಕೂಡಲೇ, ಫೋನ್ ಮುಟ್ಟುವ ಮೊದಲು, ಆ ತಪ್ಪಿನ ಹೆಸರು ಹೇಳಿ ಸಹಾಯ ಕೇಳಿ. ತುಟಿಗಳಿಗೆ ಕಾವಲಿಡು ಅಂತ ಬೇಡುವ ವಚನವೊಂದು 141ನೇ ಕೀರ್ತನೆಯಲ್ಲಿದೆ. ನಾನು ಅದನ್ನೇ ಹೇಳುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ, ಎದ್ದಾಗಿನಿಂದ ಒಂದೊಂದು ಗಂಟೆಯನ್ನೂ ನೆನಪಿಸಿಕೊಳ್ಳಿ. ಎಷ್ಟು ಸಲ ಎಡವಿದಿರೋ ಅಷ್ಟು ಚುಕ್ಕಿ ಮೊದಲ ಗೆರೆಯ ಮೇಲೆ. ರಾತ್ರಿ ಊಟದ ನಂತರ ಉಳಿದ ಹೊತ್ತಿನ ಲೆಕ್ಕ ಎರಡನೇ ಗೆರೆಗೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಸೂಚನೆ. ತಪ್ಪಿದ ಕೂಡಲೇ ಎದೆಯ ಮೇಲೆ ಕೈ ಇಡಿ ಅನ್ನುತ್ತಾರೆ ಇಗ್ನೇಷಿಯಸ್. ಹತ್ತು ಜನರ ನಡುವೆಯೂ ಯಾರಿಗೂ ಗೊತ್ತಾಗುವುದಿಲ್ಲ, ಅಂಗಿಯ ಗುಂಡಿ ಸರಿಮಾಡಿಕೊಂಡಂತೆ ಕಾಣುತ್ತದೆ. ಶುರುವಿನಲ್ಲಿ ಬಾಯಿ ಹಾಕಿದ ಮೇಲೆ ಕೈ ಏಳುತ್ತದೆ. ಬರಬರುತ್ತಾ ಕೈ ಮೊದಲು, ಬಾಯಿ ಆಮೇಲೆ. ನಡುವೆ ಸಿಗುವ ಆ ಅರೆಗಳಿಗೆಯಲ್ಲೇ "ಸ್ವಾಮಿ, ತಡೆ" ಅನ್ನಬೇಕು.

ಮೊದಲ ವಾರ ಚುಕ್ಕಿ ಜಾಸ್ತಿಯಾದರೆ ಗಾಬರಿ ಬೇಡ. ತಪ್ಪು ಹೆಚ್ಚಿಲ್ಲ, ಕಣ್ಣಿಗೆ ಬೀಳುವುದು ಹೆಚ್ಚಿದೆ. ಮಧ್ಯಾಹ್ನದ ಗೆರೆಯ ಪಕ್ಕ ರಾತ್ರಿಯದನ್ನು, ಈ ವಾರದ ಪಕ್ಕ ಹೋದ ವಾರವನ್ನು ಇಟ್ಟು ನೋಡಿ. ಯಾವ ಹೊತ್ತಿನಲ್ಲಿ ಜಾಸ್ತಿ ಅನ್ನುವುದು ಹೊಳೆಯುತ್ತದೆ. ನನ್ನವು ಹಸಿದಾಗ. ಅದಕ್ಕೆ ಇನ್ನೊಂದು ಪ್ರಾರ್ಥನೆಗಿಂತ ಹೊತ್ತಿಗೆ ಸರಿಯಾಗಿ ಉಣ್ಣುವುದೇ ಮದ್ದು. ಹೀಗಂದರೆ ಭಕ್ತಿಯೇನೂ ಕಡಿಮೆಯಾಗಲ್ಲ!

ಚುಕ್ಕಿ ಇಟ್ಟರಷ್ಟೇ ಮುಗಿಯುವುದಿಲ್ಲ, ನೋವಾದವರ ಹತ್ತಿರ ಹೋಗಬೇಕು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅಂದವರು ಯೇಸು. ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯನೂ "ಇನ್ಮೇಲೆ ಸರಿಯಾಗಿರ್ತೀನಿ" ಅಂದು ಸುಮ್ಮನಾಗಲಿಲ್ಲ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಮಾತಿನ ವಿಷಯದಲ್ಲಿ ಹೀಗೆ ಮಾಡಬಹುದು: "ನಿನ್ನ ಮಾತಿಗೆ ಅಡ್ಡ ಬಂದೆ, ಮೊದಲಿಂದ ಹೇಳು" ಅನ್ನಿ. ಆಮೇಲೆ ಕೂತು ಪೂರ್ತಿ ಕೇಳಿ. "ಆದ್ರೆ ನೀನೂ..." ಅಂತ ಬಾಲ ಸೇರಿಸಿದಿರೋ, ಅದಕ್ಕೂ ಒಂದು ಚುಕ್ಕಿ.

ನಂಬಿಕೆಯ ಒಬ್ಬರಿಗೆ ಹಾಳೆ ತೋರಿಸಿ. ಮೆಥೊಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಗುಂಪುಗಳಿಗೆ ಬರೆದ ನಿಯಮಗಳಲ್ಲಿ ವಾರಕ್ಕೊಮ್ಮೆ ಸೇರಿ ಅವರವರ ತಪ್ಪು ಅವರವರೇ ಹೇಳಿಕೊಳ್ಳುವ ಪದ್ಧತಿ ಇತ್ತು. ಗುಂಪಿಲ್ಲದಿದ್ದರೆ ಒಬ್ಬ ಸ್ನೇಹಿತ ಸಾಕು. ಉಪದೇಶ ಮಾಡುವವರು ಮಾತ್ರ ಬೇಡ.

ಕೆಲವರಿಗೆ ಈ ಲೆಕ್ಕವೇ ಕಾಟವಾಗುತ್ತದೆ. ಇಗ್ನೇಷಿಯಸ್ ಅವರಿಗೂ ಸ್ಪೇನಿನ ಮನ್ರೇಸಾ ಊರಿನಲ್ಲಿ ಆಗಿತ್ತು. ಒಮ್ಮೆ ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುತ್ತಾ ನರಳಿದರು. ಹಳೆಯದನ್ನು ಇನ್ನು ಕೆದಕುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದ ಮೇಲೆ ಬಿಡುಗಡೆ ಸಿಕ್ಕಿತು. ನಿಮಗೂ ಹಾಗನ್ನಿಸಿದರೆ ಹಾಳೆ ಮಡಚಿಟ್ಟು ನಿಮ್ಮ ಫಾದರ್ ಅಥವಾ ಪಾಸ್ಟರ್ ಹತ್ತಿರ ಮಾತಾಡಿ. ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರ ಹತ್ತಿರವೂ ಹೋಗಿ.