ವೈರಲ್ ಲೋಡ್ ಸಾಲು: ಮೂರು ವರ್ಷದ ಲೆಕ್ಕ ಹಿಡಿದ ನನ್ನ ಅನುಭವ

ವೈರಲ್ ಲೋಡ್, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿರುವ ಎಚ್‌ಐವಿ ವೈರಾಣುಗಳ ಎಣಿಕೆ, 1,000ಕ್ಕಿಂತ ಕೆಳಗಿದ್ದರೆ ಟಿಕ್ ಹಾಕಿ ಮುಂದೆ ಹೋಗುವುದು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ನಮ್ಮೆಲ್ಲರ ರೂಢಿ. ಮೂರು ವರ್ಷದ ವರದಿಗಳನ್ನು ಸಾಲಾಗಿ ಜೋಡಿಸೋಣ ಎಂದಾಗ, "ಕೊನೆಯ ವರದಿ ಚೆನ್ನಾಗಿದೆಯಲ್ಲ, ಮತ್ತೇಕೆ ಈ ಉಸಾಬರಿ?" ಎಂದವರೇ ಹೆಚ್ಚು. ಈಗ ಯಾರಿಗೆ ಮೊದಲು ಫೋನ್ ಮಾಡಬೇಕೆಂದು ಅವರೇ ನನ್ನ ರಿಜಿಸ್ಟರ್ ಕೇಳುತ್ತಾರೆ.

ಮೊದಲು ಪೇಟೆಯ ಹುಡುಗನೊಬ್ಬನಿಂದ ಸಾಫ್ಟ್‌ವೇರ್ ಬರೆಸಿದೆವು. ಆರೇಳು ಸಾವಿರ ರೂಪಾಯಿ ನೀರಿನಲ್ಲಿ ಹೋಮವಾಯಿತು. ಒಂದು ಲ್ಯಾಬಿನ ವರದಿ '20ಕ್ಕಿಂತ ಕಡಿಮೆ' ಎನ್ನುತ್ತದೆ, ಇನ್ನೊಂದರದು '40ಕ್ಕಿಂತ ಕಡಿಮೆ', ಮತ್ತೊಮ್ಮೆ ಬರೀ 'ಟಿಎನ್‌ಡಿ' (ವೈರಾಣು ಪತ್ತೆಯಾಗಿಲ್ಲ ಎಂದರ್ಥ). ಇವು ಅಂಕಿಗಳಲ್ಲವೆಂದು ಸಾಫ್ಟ್‌ವೇರ್, ಗುಳಿಗೆ ತಪ್ಪಿಸದವರನ್ನೇ ಲೆಕ್ಕದಿಂದ ಹೊರಗಿಡುತ್ತಿತ್ತು!

ಕೊನೆಗೆ ಗೆದ್ದದ್ದು ಇನ್ನೂರು ರೂಪಾಯಿಯ ಉದ್ದನೆಯ ರಿಜಿಸ್ಟರ್. ಒಬ್ಬರಿಗೆ ಒಂದು ಸಾಲು, ತಿಂಗಳಿಗೆ ಒಂದು ಚೌಕ. ಹೆಸರಿಲ್ಲ, ನಮ್ಮದೇ ಸಂಕೇತ ಸಂಖ್ಯೆ. 2017ರ ಎಚ್‌ಐವಿ ಕಾಯ್ದೆಯ ಗೋಪ್ಯತೆ ಇಲ್ಲಿಯೂ ಅನ್ವಯ. ವೈರಲ್ ಲೋಡ್ 200ರೊಳಗಿದ್ದರೆ ಚೌಕಕ್ಕೆ ಹಸಿರು, 1,000ದವರೆಗೆ ಹಳದಿ, ಮೇಲೆ ಕೆಂಪು. ಎರಡು ಹಸಿರುಗಳ ನಡುವೆ 15 ತಿಂಗಳಿಗಿಂತ ಹೆಚ್ಚಿನ ಅಂತರವಿಲ್ಲದಿದ್ದರೆ ಪರೀಕ್ಷೆಯಿಲ್ಲದ ನಡುವಿನ ಚೌಕಗಳೂ ಹಸಿರು, ಹೆಚ್ಚಾದರೆ ಖಾಲಿ. ಖಾಲಿಯನ್ನು ಹಸಿರೆಂದು ಎಣಿಸುವ ಆಸೆಗೆ ಬೀಳಬೇಡಿ. ಬೇರೆ ಕೇಂದ್ರಕ್ಕೆ ವರ್ಗವಾದವರ, ತೀರಿಕೊಂಡವರ ಸಾಲನ್ನು ಆ ತಿಂಗಳಿಗೆ ನಿಲ್ಲಿಸಿ. ಔಷಧಕ್ಕೆ ಬರುವುದನ್ನೇ ಬಿಟ್ಟವರನ್ನು ಮಾತ್ರ ಒಟ್ಟು ಸಂಖ್ಯೆಯಿಂದ ಕಳೆಯಕೂಡದು.

ಒಬ್ಬ ಹೆಣ್ಣುಮಗಳ ಸಾಲು ಹೀಗಿತ್ತು: 2019ರಲ್ಲಿ ಟಿಎನ್‌ಡಿ. ಕೋವಿಡ್ ವರ್ಷ ಖಾಲಿ. 2021ರಲ್ಲಿ ಸುಮಾರು 40,000. ಆಪ್ತಸಮಾಲೋಚನೆ, ಮೂರು ತಿಂಗಳಿಗೆ ಮರುಪರೀಕ್ಷೆ, ಆಮೇಲೆ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧವಿರುವ ಟಿಎಲ್‌ಡಿ ಗುಳಿಗೆ. 2022ರಲ್ಲಿ 20ಕ್ಕಿಂತ ಕಡಿಮೆ. ಕೊನೆಯ ವರದಿಯನ್ನಷ್ಟೇ ನೋಡಿದರೆ ಆಕೆಗೆ ಏನೂ ಆಗಿಯೇ ಇಲ್ಲ. ನೆನಪಿನಿಂದ ಹೇಳುವುದಾದರೆ, ಕೊನೆಯ ವರದಿಯ ಲೆಕ್ಕದಲ್ಲಿ ನಮ್ಮ ಕೇಂದ್ರ ನೂರಕ್ಕೆ 95ರ ಆಸುಪಾಸು. ಮೂರು ವರ್ಷವೂ ಹಸಿರಾಗಿದ್ದವರು 80ರ ಹತ್ತಿರ. ಈ ವ್ಯತ್ಯಾಸದಲ್ಲಿ ಕೆಂಪಿಗಿಂತ ಖಾಲಿಯೇ ಹೆಚ್ಚು. ರಕ್ತದಿಂದ ಪ್ಲಾಸ್ಮಾ (ರಕ್ತದ ದ್ರವಭಾಗ) ಬೇರ್ಪಡಿಸುವುದು ತಡವಾಗಿ ತಿರಸ್ಕೃತವಾದ ಮಾದರಿಗಳೂ ಅದರಲ್ಲಿವೆ, ಅದಕ್ಕೆ ರೋಗಿಯನ್ನು ದೂರುವಂತಿಲ್ಲ.

ನಡುವೆ ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸಿ ಸಾಲಿನ ಪಕ್ಕ ಬರೆದು ನೋಡಿದೆ. ಎರಡಕ್ಕೂ ತಾಳೆಯಾಗಲಿಲ್ಲ; ಎಣಿಸುತ್ತಾರೆಂದು ಗೊತ್ತಾದರೆ ಡಬ್ಬಿ ಖಾಲಿಯಾಗಿಯೇ ಬರುತ್ತದೆ. ಆದರೆ ಖಾಲಿ ಚೌಕಗಳ ತಿಂಗಳುಗಳು ಒಂದು ಗುಟ್ಟು ಬಿಟ್ಟುಕೊಟ್ಟವು: ಕಬ್ಬು ಕಡಿಯಲು ಹೋಗುವ ಗ್ಯಾಂಗಿನವರದು ಚಳಿಗಾಲದುದ್ದಕ್ಕೂ ಖಾಲಿ. ಈಗ ಅವರ ರಕ್ತವನ್ನು ದಸರೆಗೆ ಮೊದಲೇ ತೆಗೆಯುತ್ತೇವೆ.

ಖಾಲಿ ಸಾಲುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂಬುದಕ್ಕೆ ನನ್ನದೇ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ; ರಿಜಿಸ್ಟರ್ ಆರಂಭಿಸಿ ಒಂದು ವರ್ಷ ತುಂಬಿಸಿದವರು ಕೇಳಿದರೆ ಹೇಳುತ್ತೇನೆ. ಸದ್ಯ ಹದಿಹರೆಯದವರ ಸಾಲುಗಳನ್ನು ಪ್ರತ್ಯೇಕ ಮಾಡುತ್ತಿದ್ದೇನೆ. ಹಾಸ್ಟೆಲ್ ಸೇರಿದ ವರ್ಷವೇ ಅವುಗಳಲ್ಲಿ ಹಳದಿ ಶುರುವಾಗುತ್ತಿದೆ.